ತಡವಾಗಿ ಬರುವ ಚಿತ್ರ

ದೊಡ್ಡಮ್ಮನ ಫೋನು ಬರುತ್ತಿದ್ದುದು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ. ಟೇಲರಮ್ಮ ಹಿಂಬದಿಯ ಮೆಟ್ಟಿಲು ಹತ್ತಿ ಓಡಿ, ತಮ್ಮನನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಯ ನೊರೆ ಒರೆಸಿ, ಅವನ ಉಸಿರು ಹದಕ್ಕೆ ಬಂದದ್ದನ್ನು ನೋಡಿ, ಅಬ್ಬಾ ಎಂದು ಗೋಡೆಗೊರಗಿ ಕೂತಿರುತ್ತಿದ್ದಳು. ಆಗ ಫೋನು ಕಿರುಚಿಕೊಳ್ಳುತ್ತಿತ್ತು.

“ಓಡೇ, ಓಡು! ಮಗೂಗೆ ಬಂತು! ಏನ್ ಮಾಡ್ತಿದ್ದೀಯ ಅಲ್ಲಿ?”

“ಅವನ ಪಕ್ಕದಲ್ಲೇ ಕೂತಿದೀನಿ ದೊಡ್ಡಮ್ಮ.”

“ಸುಳ್ಳು ಹೇಳ್ಬೇಡ. ನೀನು ಕಾಣ್ತಾನೇ ಇಲ್ಲ.”

“ಕಾಣ್ತೀನಿ, ತಾಳು.”

ತಾಳಲೇಬೇಕಿತ್ತು. ಬೇರೆ ಊರಿನಲ್ಲಿದ್ದ ದೊಡ್ಡಮ್ಮನ ಫೋನಿನೊಳಗೆ ಟೇಲರಮ್ಮ ಇನ್ನೂ ಅಂಗಡಿಯ ಸ್ಟೂಲಿನಿಂದ ಎದ್ದಿರುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಹಾಂ, ಈಗ ಬಂದೆ ನೋಡು ನೀನು. ಜೋಪಾನ, ತಲೆ ಕೆಳಗೆ ಕೈ ಕೊಡು,” ಎಂದು ಅಪ್ಪಣೆಯಾಗುತ್ತಿತ್ತು. ಕೈ ಕೊಟ್ಟು, ತಲೆ ಎತ್ತಿ, ಮಲಗಿಸಿ ಎಲ್ಲ ಆಗಿಹೋಗಿರುತ್ತಿತ್ತು. ಟೇಲರಮ್ಮ ಹೂಂ ಹೂಂ ಎನ್ನುತ್ತಾ ಹಲ್ಲು ಕಚ್ಚಿ ಕೇಳಿಸಿಕೊಳ್ಳುತ್ತಿದ್ದಳು.

ತಮ್ಮ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಸಾರುವೆ ಮೇಲಿಂದ ಬಿದ್ದು ತಲೆಗೆ ಪೆಟ್ಟಾದಾಗಿನಿಂದ ಅವನಿಗೆ ಫಿಟ್ಸ್ ಬರುತ್ತಿತ್ತು. ಮಾತ್ರೆ ನುಂಗಿದರೂ ಬರುತ್ತಿತ್ತು, ನುಂಗದಿದ್ದರೂ ಬರುತ್ತಿತ್ತು, ನುಂಗಿದಾಗ ಒಂಚೂರು ಕಡಿಮೆ ಅಷ್ಟೇ. ಡಾಕ್ಟರು ಬಿಡಿಸಿ ಹೇಳಿದ್ದರು: “ಬಾಯಿಗೆ ಏನೂ ತುರುಕಬೇಡಿ, ಹಿಡಿದು ಅದುಮಬೇಡಿ. ಪಕ್ಕಕ್ಕೆ ಹೊರಳಿಸಿ, ಉಸಿರಿಗೆ ದಾರಿ ಬಿಡಿ. ಮುಖ ಕೆಳಗಾಗಿ ದಿಂಬಿಗೆ ಒತ್ತಿಕೊಂಡ್ರೆ ಮಾತ್ರ ಕಷ್ಟ. ಆಗ ಪಕ್ಕದಲ್ಲಿ ಒಬ್ಬರು ಇರಲೇಬೇಕು.” ಇರಲೇಬೇಕು ಎಂದು ಹೇಳುವುದು ಸುಲಭ. ಇರುವುದಕ್ಕೆ ಮನೆಯಲ್ಲಿದ್ದದ್ದು ಇಬ್ಬರೇ, ಅವರಲ್ಲಿ ಒಬ್ಬ ರೋಗಿ, ಇನ್ನೊಬ್ಬಳು ಬೆಳಗಾದರೆ ಹೊಲಿಗೆ ಯಂತ್ರದ ಮುಂದೆ ಕೂರಬೇಕಾದವಳು.

ಅಂಗಡಿ ಕೆಳಗೆ, ಅವರ ಕೋಣೆ ಅದರ ನೆತ್ತಿಯ ಮೇಲೆ. ಆದರೆ ಒಳಗಿನಿಂದ ಮೆಟ್ಟಿಲಿಲ್ಲ. ಅಂಗಡಿಯಿಂದ ಬೀದಿಗೆ ಇಳಿದು, ಗೋಡೆ ಸುತ್ತಿ, ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಬೇಕು. ಕೆಳಗೇ ಬಂದು ಮಲಗೋ ಎಂದರೆ ತಮ್ಮ ಕೇಳುತ್ತಿರಲಿಲ್ಲ. “ಹೆಂಗಸರು ಅಳತೆ ಕೊಡೋ ಜಾಗದಲ್ಲಿ ನಾನು ಮಲಗಿರ್ಲಾ? ಶೋಕೇಸಿನ ಗೊಂಬೆಗೇ ನಾಚಿಕೆಯಾಗುತ್ತೆ,” ಎನ್ನುತ್ತಿದ್ದ. ಹಾಗಾಗಿ ಅವನ ಮಂಚದ ಎದುರಿನ ಗೋಡೆಗೆ ಒಂದು ಕ್ಯಾಮೆರಾ ಬಂತು. ಟೇಲರಮ್ಮನ ಫೋನು ಯಂತ್ರದ ಪಕ್ಕದಲ್ಲಿ ನೂಲಿನ ಡಬ್ಬಿಗೆ ಒರಗಿ ನಿಂತು ದಿನವಿಡೀ ಆ ಮಂಚವನ್ನು ತೋರಿಸುತ್ತಿತ್ತು. ಕೋಣೆಯಲ್ಲಿ ಏನಾದರೂ ಅಲುಗಿದರೆ ಎಚ್ಚರಿಸುವ ಅಲಾರಂ ಕೂಡ ಅದರಲ್ಲಿತ್ತು. ಕಿಟಕಿ ಪರದೆ ಅಲುಗಿದರೂ ಬಡಿದುಕೊಳ್ಳುವ ಅದರ ಬಾಯಿಯನ್ನು ಮೊದಲ ವಾರವೇ ಮುಚ್ಚಿಸಿದ್ದಾಯಿತು.

ದೊಡ್ಡಮ್ಮನ ಬಾಯಿ ಮುಚ್ಚಿಸುವುದು ಅಷ್ಟು ಸುಲಭವಿರಲಿಲ್ಲ. ತಾಯಿ ಸತ್ತ ಮೇಲೆ ಇಬ್ಬರನ್ನೂ ಮಡಿಲಿಗೆ ಹಾಕಿಕೊಂಡು ಬೆಳೆಸಿದವಳು ಅವಳು. ಈಗ ಮಂಡಿ ಹೋಗಿ ಮಗಳ ಮನೆಯಲ್ಲಿ ಕುರ್ಚಿ ಹಿಡಿದಿದ್ದಳು. ಅವಳ ಫೋನಿಗೂ ಆ ಕ್ಯಾಮೆರಾದ ಚಿತ್ರ ಬರುವಂತೆ ಮಾಡಿಕೊಟ್ಟ ಮೇಲೆ ಅವಳಿಗೆ ಟೀವಿ ಬೇಡವಾಯಿತು. ನೀರಿನ ಜಗ್ಗಿಗೆ ಫೋನು ಒರಗಿಸಿ ಕಣ್ಣಲ್ಲಿ ಕಣ್ಣಿಟ್ಟು ಕೂತಳು. ಅವನು ಊಟಕ್ಕೆ ಕೂತರೆ ಇವಳೂ ತಟ್ಟೆ ತರಿಸಿಕೊಳ್ಳುವಳು. ಹೊದಿಕೆ ಜಾರಿತು ಎಂದು ಫೋನು, ಕಿಟಕಿ ತೆರೆದಿದೆ ಎಂದು ಫೋನು, ಅವನು ಯಾಕೋ ಸಪ್ಪಗಿದ್ದಾನೆ ಎಂದು ಫೋನು. ತಮ್ಮನಿಗೆ ಇದು ತಮಾಷೆ. ಮಧ್ಯಾಹ್ನ ಮಲಗುವ ಮುಂಚೆ ಕ್ಯಾಮೆರಾಕ್ಕೆ ಸಲಾಮು ಹೊಡೆದು, “ದೊಡ್ಡಮ್ಮ, ನಾನು ಮಲಗ್ತೀನಿ, ನಿನ್ನ ಡ್ಯೂಟಿ ಶುರು,” ಎನ್ನುವನು. ಅದು ಅವಳಿಗೆ ಮುಟ್ಟುವಷ್ಟರಲ್ಲಿ ಅವನು ಆ ಕಡೆ ತಿರುಗಿ ಮಲಗಿರುತ್ತಿದ್ದ. ಆದರೂ ಅವಳು ಫೋನಿನ ಚಿತ್ರಕ್ಕೇ, “ಮಲಗು ಕಂದ, ನಾನಿದೀನಿ,” ಎನ್ನುತ್ತಿದ್ದಳಂತೆ.

ಆ ಅತಿ ಕಾಳಜಿ ಟೇಲರಮ್ಮನ ಪ್ರಾಣ ಹಿಂಡುತ್ತಿತ್ತು ಎಂದರೆ ಸುಳ್ಳಲ್ಲ. ಗಿರಾಕಿ ಎದುರಿಗಿದ್ದಾಗ, ಕತ್ತರಿ ಬಟ್ಟೆಯ ಮೇಲಿದ್ದಾಗ ಫೋನು ಬಡಿದುಕೊಂಡರೆ ಯಾರಿಗೆ ತಾನೇ ರೇಗುವುದಿಲ್ಲ? ಒಂದೆರಡು ಸಲ ಅವಳು ಕೆಲಸದಲ್ಲಿ ಮುಳುಗಿ ನೋಡದೇ ಇದ್ದಾಗ, ದೊಡ್ಡಮ್ಮನ ಕೂಗೇ ಅವಳನ್ನು ಎಬ್ಬಿಸಿ ಓಡಿಸಿದ್ದೂ ನಿಜ. ಆದರೆ ಹತ್ತು ಸಲ ಸುಮ್ಮಸುಮ್ಮನೆ ಕೂಗಿದವರು ಹನ್ನೊಂದನೆಯ ಸಲ ಸರಿಯಾಗಿ ಕೂಗಿದರೆ ಅದು ಯಾರ ನೆನಪಿನಲ್ಲಿ ಉಳಿಯುತ್ತದೆ!

ಹೀಗಿರುವಾಗ ಒಂದು ದಿನ ಅವಳು ಫೋನಿನತ್ತ ನೋಡಿದಳು. ತಮ್ಮ ಕಿಟಕಿಯ ಹತ್ತಿರ ನಿಂತು ಟವೆಲ್ ಮಡಿಸುತ್ತಿದ್ದ. ಅದೇ ಹೊತ್ತಿಗೆ ತಲೆಯ ಮೇಲೆ ಧೊಪ್ಪೆಂದಿತು. ಅವಳು ಛಾವಣಿ ನೋಡಿದಳು, ಮತ್ತೆ ಫೋನು ನೋಡಿದಳು. ಅವನು ಟವೆಲನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಲೇ ಇದ್ದ. ಬೀದಿಯಲ್ಲಿ ಯಾರೋ ಮೂಟೆ ಇಳಿಸಿರಬೇಕು ಎಂದುಕೊಂಡು ಅವಳು ಮತ್ತೆ ಪೆಡಲ್ ಒತ್ತಿದಳು. ಇನ್ನೊಂದು ಸಲ ಕಣ್ಣು ಹೋದಾಗ, ಅವಳು ನೋಡುತ್ತಿರುವಂತೆಯೇ ಅವನು ಕಿಟಕಿಯ ಹತ್ತಿರದಿಂದ ಕಡಿದ ಮರದಂತೆ ಉರುಳಿದ. ಕಿವಿ ಹೇಳಿದ್ದನ್ನು ಬಿಟ್ಟು ಅವಳು ಫೋನು ಹೇಳಿದ್ದನ್ನು ನಂಬಿದ್ದಳು. ಮಂಚದ ಅಂಚು ತಗುಲಿ ಅವನ ಹಣೆ ಸೀಳಿತ್ತು. ಆಸ್ಪತ್ರೆಯಿಂದ ಬರುವಾಗ ಅವನು ಹಣೆ ಮುಟ್ಟಿಕೊಂಡು, “ನಿನ್ನ ಹೊಲಿಗೆಗಿಂತ ನೀಟಾಗಿದೆ ಕಣೇ,” ಎಂದು ನಗಿಸಲು ನೋಡಿದ. ಅವಳಿಗೆ ನಗು ಬರಲಿಲ್ಲ. ಅವನು ಬಿದ್ದು ರಕ್ತದಲ್ಲಿದ್ದಾಗ ತಾನು ನಿಂತ ತಮ್ಮನನ್ನು ನೋಡಿ ನಿರಾಳವಾಗಿದ್ದೆ ಎಂಬುದನ್ನು ಅವಳಿಗೆ ಮರೆಯಲಾಗಲಿಲ್ಲ.

ಮಾರನೆಯ ದಿನವೇ ಕ್ಯಾಮೆರಾದವನನ್ನು ಕರೆಸಿದಳು. ನಡುವಯಸ್ಸಿನ, ಮಾತಿಗೆ ಕೂತರೆ ಏಳದ ಮನುಷ್ಯ.

“ನಿಮ್ಮ ತಮ್ಮ ಇರೋದು ನಿಮ್ಮ ತಲೆ ಮೇಲೆ,” ಎಂದ ಅವನು, ಏಣಿ ಹತ್ತಿ ನಿಂತು. “ಅವನ ಚಿತ್ರ ಮಾತ್ರ ಎಲ್ಲೋ ದೂರದ ಕಂಪನಿ ಕಂಪ್ಯೂಟರಿಗೆ ಹೋಗಿ, ಅಲ್ಲಿ ಸಾಲಲ್ಲಿ ನಿಂತು, ಮತ್ತೆ ನಿಮ್ಮ ಅಂಗಡಿಗೆ ಬರ್ತಿದೆ. ಪಕ್ಕದ ಮನೆಗೆ ಹೋಗೋಕೆ ಊರೆಲ್ಲ ಸುತ್ತಿದ ಹಾಗೆ. ತಡವಾಗದೆ ಇನ್ನೇನಾಗುತ್ತೆ?”

“ತಡ ಪೂರ್ತಿ ಹೋಗುತ್ತಾ?”

“ಹೋಗಿಸೋಣ.”

ಕಬ್ಬಿಣದ ಬೀರು ಅಡ್ಡವಿದ್ದರೆ ವೈಫೈ ಸೊರಗುತ್ತದೆ ಎಂದು ಅವನು ಗೋಡೆ ಕೊರೆದು ಮೇಲಿನಿಂದ ತಂತಿ ಇಳಿಸಿ, ಅಂಗಡಿಯ ಮೇಜಿನ ಕೆಳಗಿನ ವೈಫೈ ಡಬ್ಬಿಗೆ ಸೇರಿಸಿದ. ಚಿತ್ರ ಹೊರಗೆ ಹೋಗದೆ ಮನೆಯೊಳಗೇ ನೇರವಾಗಿ ಅವಳ ಫೋನಿಗೆ ಬರುವಂತೆ ಮಾಡಿದ. ಸ್ಪಷ್ಟತೆ ಇಳಿಸಿದ. “ಮುಖದ ಮೇಲಿನ ಮಚ್ಚೆ ಕಾಣೋದು ಬೇಡ, ಮನುಷ್ಯ ಅಲುಗಾಡೋದು ಕಂಡ್ರೆ ಸಾಕು. ಭಾರ ಇಳಿದಷ್ಟೂ ಚಿತ್ರ ಬೇಗ ಬರುತ್ತೆ.” ಅಷ್ಟೆಲ್ಲ ಮಾಡಿದ ಮೇಲೂ ಚಿತ್ರ ಒಂದಿಷ್ಟು ಸರಾಗ ಓಡಿ, ಇದ್ದಕ್ಕಿದ್ದಂತೆ ತಡವರಿಸಿ, ಹಿಂದೆ ಬೀಳುತ್ತಿತ್ತು. ಅವನು ತಲೆ ಕೆರೆದುಕೊಂಡು ಏನೇನೋ ಒತ್ತಿ ನೋಡಿದ.

“ಇನ್ಯಾರೋ ಒಳಗಿದ್ದಾರಲ್ಲ? ಈಗಲೂ ನೋಡ್ತಿದ್ದಾರೆ.”

“ನಮ್ಮ ದೊಡ್ಡಮ್ಮ.”

“ಯಾವಾಗಲೂನಾ?”

“ಎಚ್ಚರ ಇರೋವಷ್ಟು ಹೊತ್ತೂ.”

“ಅದೇ ಮತ್ತೆ. ಇದು ಅಗ್ಗದ ಕ್ಯಾಮೆರಾ ಅಮ್ಮ. ಒಬ್ಬರಿಗಾದ್ರೆ ಚೆನ್ನಾಗಿ ಬಡಿಸುತ್ತೆ, ಇಬ್ಬರು ಕೂತ್ರೆ ಇದಕ್ಕೆ ಕೈ ಸಾಲಲ್ಲ. ಬೇಕಾದಾಗ ಮಾತ್ರ ಒಂದ್ಸಲ ನೋಡಿ ಮುಚ್ಚೋಕೆ ಹೇಳಿ ಅವರಿಗೆ.”

ದೊಡ್ಡಮ್ಮನಿಗೆ ನೋಡಬೇಡ ಎಂದು ಹೇಳುವುದೇ? ಕೇಳಿದ ಕೂಡಲೇ ಅಳು ಶುರುವಾಗುತ್ತದೆ, ಎತ್ತಿ ಆಡಿಸಿದ ಕೈಗಳ ಲೆಕ್ಕ ಬರುತ್ತದೆ, ಮಗಳ ಕೈಯಲ್ಲೂ ಫೋನು ಮಾಡಿಸುತ್ತಾಳೆ. ಟೇಲರಮ್ಮನಿಗೆ ಆ ಯೋಚನೆಗೇ ಸುಸ್ತಾಯಿತು.

“ತೆಗೆದುಬಿಡಿ,” ಎಂದಳು.

“ಅವರಿಗೊಂದು ಮಾತು ಹೇಳಿ ತೆಗೆದ್ರೆ…”

“ನಾನು ಹೇಳ್ಕೋತೀನಿ, ನೀವು ತೆಗೀರಿ.”

ಅವನು ತೆಗೆದ. ಅವಳು ಹೇಳಲಿಲ್ಲ.

ಆ ಸಂಜೆಯ ಸಂಭ್ರಮವನ್ನು ಸುಳ್ಳೆನ್ನಲಾಗದು. ತಮ್ಮ ಮೇಲೆ ಕೈಯೆತ್ತಿದ, ಕೆಳಗೆ ಫೋನಿನಲ್ಲೂ ಕೈ ಎದ್ದಿತು. ಅವನು ಕಾಲಿನಿಂದ ನೆಲ ಕುಟ್ಟಿದ, ಛಾವಣಿಯ ಸದ್ದೂ ಚಿತ್ರದ ಕಾಲೂ ಒಂದೇ ಸಲಕ್ಕೆ ಬಿದ್ದವು. ಅವನು ಮೂತಿ ಸೊಟ್ಟ ಮಾಡಿದ, ಅವಳು ಕೆಳಗಿನಿಂದಲೇ ಕೂಗಿ ನಕ್ಕಳು, ಆ ನಗು ಕಿಟಕಿಯಲ್ಲಿ ಕೇಳಿ ಅವನೂ ನಕ್ಕ. ಹಿಂದೆಲ್ಲ ಅವಳು ನಗುವ ಹೊತ್ತಿಗೆ ಅವನು ಬೇರೇನೋ ಮಾಡುತ್ತಿರುತ್ತಿದ್ದ. ಈಗ ನಡುವಿನ ಛಾವಣಿಯನ್ನು ಯಾರೋ ಕಿತ್ತು ಬದಿಗಿಟ್ಟಂತಾಯಿತು. ಇನ್ನು ತಾನು ಹಿಂದೆ ಬೀಳುವುದಿಲ್ಲ, ಅವನಿಗೆ ಏನೇ ಆದರೂ ಆದ ಕ್ಷಣಕ್ಕೇ ಗೊತ್ತಾಗುತ್ತದೆ ಎಂದು ಅವಳು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಳು.

ದೊಡ್ಡಮ್ಮನ ಫೋನು ಬಂದೇ ಬಂತು. “ಏನೋ ಚಕ್ರ ತಿರುಗ್ತಾನೇ ಇದೆ ಕಣೇ. ಮಗು ಕಾಣ್ತಿಲ್ಲ.”

“ಕಂಪನಿಯವರು ರಿಪೇರಿ ಮಾಡ್ತಿದ್ದಾರೆ ದೊಡ್ಡಮ್ಮ. ಸರಿ ಹೋಗುತ್ತೆ.”

“ಯಾವಾಗ?”

“ಹೇಳ್ತೀನಿ.”

ಮರುದಿನವೂ ಕೇಳಿದಳು, ಅದರ ಮರುದಿನವೂ ಕೇಳಿದಳು. ಒಂದು ಸಲ ಟೇಲರಮ್ಮ ಯಂತ್ರದ ಸೂಜಿ ಮುರಿದ ಸಿಟ್ಟಿನಲ್ಲಿ, “ಒಂದೇ ಮಾತನ್ನ ಎಷ್ಟು ಸಲ ಕೇಳ್ತೀಯ? ಸರಿಯಾದ್ರೆ ನಾನೇ ಹೇಳಲ್ವಾ?” ಎಂದು ಗದರಿದಳು. ಆ ಮೇಲೆ ದೊಡ್ಡಮ್ಮ ಕೇಳುವುದನ್ನು ಬಿಟ್ಟಳು. ಅಂಗಡಿ ಎಷ್ಟು ಪ್ರಶಾಂತವಾಯಿತೆಂದರೆ ಟೇಲರಮ್ಮನಿಗೆ ಇದನ್ನು ಮೊದಲೇ ಮಾಡಬೇಕಿತ್ತು ಅನ್ನಿಸಿತು. ತಮ್ಮನಿಗೂ ಅವಳು ಹೇಳಿರಲಿಲ್ಲ. ಹೇಳಿದರೆ ಅವನು ದೊಡ್ಡಮ್ಮನ ಪರ ವಕಾಲತ್ತಿಗೆ ನಿಲ್ಲುತ್ತಾನೆ. ಹಾಗಾಗಿ ಅವನು ದಿನವೂ ಕ್ಯಾಮೆರಾಕ್ಕೆ ಸಲಾಮು ಹೊಡೆದು, ಡ್ಯೂಟಿ ಒಪ್ಪಿಸಿ, ನೆಮ್ಮದಿಯಾಗಿ ಮಗ್ಗುಲಾಗುತ್ತಿದ್ದ. ಕೆಳಗೆ ಅದನ್ನು ಕಂಡಾಗ ಅವಳಿಗೆ ಒಂದು ಗಳಿಗೆ ಚುರುಕ್ ಎನ್ನುತ್ತಿತ್ತು, ಆಮೇಲೆ ಪೆಡಲ್ ಒತ್ತಿದರೆ ಮರೆತುಹೋಗುತ್ತಿತ್ತು.

ಇನ್ನೊಂದು ಬದಲಾವಣೆಯನ್ನು ಅವಳು ಆಗ ಗಮನಿಸಲಿಲ್ಲ. ಚಿತ್ರ ತಡವಾಗಿ ಬರುತ್ತಿದ್ದ ಕಾಲದಲ್ಲಿ ಅವಳಿಗೆ ಫೋನಿನ ಮೇಲೆ ನಂಬಿಕೆಯಿರಲಿಲ್ಲ. ಹಾಗಾಗಿ ನೆಪ ಮಾಡಿಕೊಂಡು ಮೇಲೆ ಹೋಗಿ ಬರುತ್ತಿದ್ದಳು, ನೀರು ಕುಡಿಯಲು, ನೂಲು ತರಲು, ಸುಮ್ಮನೆ ಇಣುಕಲು. ಈಗ ಫೋನನ್ನು ನಂಬಬಹುದಾಯಿತು. ಮೆಟ್ಟಿಲು ಹತ್ತುವುದು ಕಡಿಮೆಯಾಯಿತು.

ಆ ದಿನ ಮಧ್ಯಾಹ್ನ ಕೋರ್ಟಿಗೆ ಹೋಗುವ ವಕೀಲೆಯೊಬ್ಬಳು ಕೋಟು ತೊಟ್ಟು ನೋಡಲು ಬಂದಿದ್ದಳು. ತೋಳು ಎತ್ತಿದರೆ ಬಗಲು ಹಿಡಿಯುತ್ತಿತ್ತು. ಟೇಲರಮ್ಮ ತುಟಿಯಲ್ಲಿ ಗುಂಡುಪಿನ್ನು ಕಚ್ಚಿ, ತೋಳಿನ ಹೊಲಿಗೆ ಬಿಚ್ಚಿ, ಮತ್ತೆ ಕೂರಿಸುತ್ತಾ ಕನ್ನಡಿಯ ಕಡೆ ತಿರುಗಿ ನಿಂತಿದ್ದಳು. ಫೋನು ಬೆನ್ನ ಹಿಂದಿತ್ತು. ಶುರುಮಾಡುವ ಮುಂಚೆ ನೋಡಿದ್ದಳು, ಅವನು ಸಲಾಮು ಹೊಡೆದು ಮಲಗಿದ್ದ. ಒಂದು ತೋಳು ಸರಿಯಾಯಿತು ಅನ್ನುವಾಗ ಇನ್ನೊಂದು ಎಳೆಯತೊಡಗಿತು. ವಕೀಲೆ ಮಾತುಗಾರ್ತಿ, ಒಂದು ಕೇಸಿನ ಕತೆ ಹೇಳುತ್ತಿದ್ದಳು, ಚೆನ್ನಾಗಿ ಹೇಳುತ್ತಿದ್ದಳು. ಪಿನ್ನು ಬಾಯಲ್ಲಿಟ್ಟುಕೊಂಡೇ ಟೇಲರಮ್ಮ ನಕ್ಕಳು ಕೂಡ. ನೆತ್ತಿಯ ಮೇಲೆ ಯಾವ ಸದ್ದೂ ಆಗಲಿಲ್ಲ. ಹಾಸಿಗೆಯಲ್ಲೇ ಬಂದ ಫಿಟ್ಸಿಗೆ ಸದ್ದೆಲ್ಲಿಂದ ಬರಬೇಕು?

ಕೋಟು ಬಿಚ್ಚಿಕೊಟ್ಟು ವಕೀಲೆ ಹೋದ ಮೇಲೆ ಅವಳು ತಿರುಗಿ ನೋಡಿದಳು.

ತಮ್ಮ ಬೋರಲಾಗಿದ್ದ. ಮುಖ ದಿಂಬಿನಲ್ಲಿತ್ತು, ಒಂದು ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ಯಾವ ಅಲುಗಾಟವೂ ಇರಲಿಲ್ಲ. ಚಿತ್ರ ನಿಂತುಹೋಗಿದೆ ಎಂದುಕೊಂಡಳು. ಎಷ್ಟೋ ತಿಂಗಳು ನಿಂತ ಚಿತ್ರಗಳನ್ನೇ ನೋಡಿ ಪಳಗಿದ ಕಣ್ಣು ಅದು. ಥೂ, ಇದಕ್ಕೆ ಮತ್ತೆ ಬಂತು ರೋಗ ಎಂದು ಆ್ಯಪ್ ಮುಚ್ಚಿ ತೆರೆದಳು. ಅದೇ ಚಿತ್ರ ಬಂತು. ತಂತಿ ಸಡಿಲವಾಗಿರಬೇಕೆಂದು ಮೇಜಿನ ಕೆಳಗೆ ಬಗ್ಗಿ ಅದನ್ನು ಒತ್ತಿದಳು, ಎದ್ದು ಮತ್ತೆ ನೋಡಿದಳು. ಆಗ ಚಿತ್ರದ ಮೂಲೆಯಲ್ಲಿ ಕಿಟಕಿಯ ಪರದೆ ಗಾಳಿಗೆ ಎದ್ದು ನಿಧಾನವಾಗಿ ಕೂತಿತು. ಮತ್ತೆ ಎದ್ದಿತು.

ಚಿತ್ರ ನಿಂತಿರಲಿಲ್ಲ.

ಅವಳು ಹೇಗೆ ಬೀದಿಗಿಳಿದಳೋ, ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ. ಹೊರಳಿಸಿದಳು, ಬೆನ್ನಿಗೆ ಗುದ್ದಿದಳು, ಬಾಯಿಗೆ ಬಾಯಿಟ್ಟು ಊದಿದಳು, ಹೆಸರು ಹಿಡಿದು ಕೂಗಿದಳು, ಬೈದಳು. ಮೈ ಇನ್ನೂ ಬೆಚ್ಚಗಿತ್ತು. ಅದೇ ಅವಳನ್ನು ಬಹಳ ಹೊತ್ತು ಮೋಸಗೊಳಿಸಿತು. ಆಸ್ಪತ್ರೆಯಲ್ಲಿ ಡಾಕ್ಟರು, “ಫಿಟ್ಸಿನಿಂದ ಅಲ್ಲಮ್ಮ, ದಿಂಬಿನಿಂದ. ಒಂದೈದು ನಿಮಿಷ ಮೊದಲು ಯಾರಾದ್ರೂ ಹೊರಳಿಸಿದ್ರೂ…” ಎಂದು ಅಷ್ಟಕ್ಕೇ ನಿಲ್ಲಿಸಿದರು. ಪಾಪ, ಅವರಿಗೇನು ಗೊತ್ತು. ಅವರು ನಿಲ್ಲಿಸಿದ ವಾಕ್ಯವನ್ನು ಅವಳು ಆ ಹೊತ್ತಿನಿಂದ ಒಳಗೊಳಗೇ ಮುಗಿಸುತ್ತಾ ಇದ್ದಳು.

ದೊಡ್ಡಮ್ಮನನ್ನು ಮಗಳು ಕಾರಿನಲ್ಲಿ ಕರೆತಂದಳು. ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಮೇಲಕ್ಕೆ ತಂದರು. ಅವಳು ಅವನನ್ನು ಕೊನೆಯ ಸಲ ನೋಡಿದಳು, ಕೆನ್ನೆ ಸವರಿದಳು. ಕಳಿಸಿಕೊಟ್ಟು ಜನರೆಲ್ಲ ಚದುರಿದ ಮೇಲೂ ಆ ಮಂಚದ ಹತ್ತಿರವೇ ಕೂತಿದ್ದಳು. ಟೇಲರಮ್ಮ ನೆಲದ ಮೇಲೆ ಕೂತು ಗೋಡೆ ನೋಡುತ್ತಿದ್ದಳು. ಮಗಳು ಟೀ ತರಲು ಕೆಳಗೆ ಹೋಗಿದ್ದಳು.

“ನಾನೂ ಅವತ್ತು ಮಧ್ಯಾಹ್ನ ಅವನನ್ನ ನೋಡೋಕೆ ಫೋನು ತೆಗೆದಿದ್ದೆ ಕಣೇ,” ಎಂದಳು ದೊಡ್ಡಮ್ಮ, ಮೆಲ್ಲಗೆ, ತಪ್ಪೊಪ್ಪಿಕೊಳ್ಳುವವಳ ಹಾಗೆ. “ದಿನಾ ತೆಗೀತಿದ್ದೆ. ಅವನು ಮಲಗೋ ಹೊತ್ತು ನಂಗೆ ಗೊತ್ತಲ್ಲ. ಚಕ್ರ ತಿರುಗ್ತಾನೇ ಇತ್ತು. ನಾನೇ ಏನೋ ತಪ್ಪು ಒತ್ತಿ ಕೆಡಿಸಿಬಿಟ್ಟೆ ಅಂದ್ಕೊಂಡೆ. ನಿನ್ನ ಕೇಳಿದ್ರೆ ಕೆಲಸದಲ್ಲಿರ್ತೀಯ, ಬೈತೀಯ ಅಂತ ಸುಮ್ಮನಾದೆ. ಕೇಳ್ಬೇಕಿತ್ತು. ನಂದೇ ತಪ್ಪು.”

ಟೇಲರಮ್ಮನಿಗೆ ತಡೆಯಲಾಗಲಿಲ್ಲ. ಆ ತಪ್ಪನ್ನು ಮುದುಕಿಯ ಮಡಿಲಲ್ಲಿ ಬಿಟ್ಟುಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆ ಒಂದು ಕೆಟ್ಟತನ ಅವಳಿಂದಾಗಲಿಲ್ಲ.

“ನೀನೇನೂ ಕೆಡಿಸ್ಲಿಲ್ಲ. ನಿನ್ನ ಫೋನಿಂದ ಕ್ಯಾಮೆರಾನ ನಾನೇ ತೆಗೆಸಿದೆ.”

“ಯಾಕೆ?”

“ಇಬ್ಬರು ನೋಡಿದ್ರೆ ತಡವಾಗುತ್ತೆ ಅಂದ್ರು. ನಂಗೆ ಬೇಗ ಕಾಣ್ಲಿ ಅಂತ.”

ದೊಡ್ಡಮ್ಮ ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಬೈದಿದ್ದರೆ ಟೇಲರಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

“ನಿಂಗೆ ಎಷ್ಟು ಬೇಗ ಕಾಣ್ತಿತ್ತು?”

“ಆಗಿಂದಾಗಲೇ.”

“ನಂಗೆ ಮೊದಲು ಕಾಣ್ತಿದ್ದದ್ದು ಎಷ್ಟು ತಡ?”

“ಒಂದೆರಡು ನಿಮಿಷ ಇರಬಹುದು.”

ದೊಡ್ಡಮ್ಮ ಹಾಸಿಗೆಯ ಮೇಲೆ ಕೈಯಾಡಿಸಿದಳು. ಅವಳ ಮಾತಿನಲ್ಲಿ ಚುಚ್ಚುವ ದನಿಯೇ ಇರಲಿಲ್ಲ, ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವವಳ ದನಿ ಅದು.

“ಒಂದೆರಡು ನಿಮಿಷಕ್ಕೆ ಅವನು ಹೋಗ್ತಿರ್ಲಿಲ್ಲ, ಅಲ್ವೇನೇ?”

“ಇಲ್ಲ ದೊಡ್ಡಮ್ಮ,” ಎಂದಳು ಟೇಲರಮ್ಮ. “ಹೋಗ್ತಿರ್ಲಿಲ್ಲ.”